ಕುಣಿತದ ಗುಂಪಿನಲ್ಲಿ ಒಬ್ಬರಿಗೆ ದಮ್ಮಿನ ಕಾಯಿಲೆ ಇದ್ದರೆ: ಕಾರವಾರದ ನಮ್ಮ ಅನುಭವ

ಕಳೆದ ವಾರ ನಮ್ಮ ಹಾಲ್ ಸಮಿತಿಯವರು ಕೊನೆಗೂ ಹಾಲ್ ರಿಪೇರಿಯ ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ದಮ್ಮು (ಅಸ್ತಮಾ) ಇರುವ ಒಬ್ಬರಿಗೆ ಏನೇನು ಆಗುವುದಿಲ್ಲ ಅಂತ ಮಳೆಗಾಲದ ಶುರುವಿನಲ್ಲಿ ಎದ್ದ ತಕರಾರು ಅಲ್ಲಿಗೆ ಒಂದು ದಡ ಸೇರಿತು. ಈ ನಡುವೆ ಗುಂಪು ಒಡೆದೇ ಹೋಯಿತು ಅಂದುಕೊಂಡ ದಿನಗಳೂ ಇದ್ದವು. ಕೋಲಾಟವೋ, ಗರ್ಬಾವೋ, ಸಾಲ್ಸಾವೋ, ಯಾವುದೇ ಇರಲಿ, ಮುಚ್ಚಿದ ಜಾಗದಲ್ಲಿ ಹತ್ತಿರ ನಿಂತು ಕುಣಿಯುವ ಕಡೆ ಇಂಥದ್ದು ಇಂದಲ್ಲ ನಾಳೆ ಬರುತ್ತದೆ. ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ನಮಗೆ ಹೇಳುವವರು ಯಾರೂ ಇರಲಿಲ್ಲ. ಮುಂದಿನವರಿಗಾದರೂ ದಾರಿ ಸ್ವಲ್ಪ ಸಲೀಸಾಗಲಿ ಅಂತ ಬರೆಯುತ್ತಿದ್ದೇನೆ. ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರು ಇದನ್ನು ಓದಿ ಒಪ್ಪಿದ್ದಾರೆ. ಹೆಸರು ಬೇಡ, ಓಣಿ ಬೇಡ ಅಂದಿದ್ದಾರೆ. ಹಾಗಾಗಿ ಹಾಕಿಲ್ಲ.

ನಮ್ಮದು ಶನಿವಾರ ಸಂಜೆಯ ಗುಂಪು. ಸ್ಪರ್ಧೆ ಇಲ್ಲ, ಪ್ರದರ್ಶನ ಇಲ್ಲ, ಫೀಸೂ ಇಲ್ಲ. ಹಾಲ್ ಬಾಡಿಗೆ ಮಾತ್ರ ಹಂಚಿಕೊಳ್ಳುತ್ತೇವೆ. ಅರ್ಗಾದ ನೌಕಾನೆಲೆಯ ಮನೆಗಳವರು, ಮಲ್ಲಾಪುರದ ಕೈಗಾ ಟೌನ್‌ಶಿಪ್‌ನವರು ಗರ್ಬಾ ತಂದರು. ಘಟ್ಟದ ಮೇಲಿನಿಂದ ನೌಕರಿಗೆ ಬಂದವರು ಕೋಲಾಟ ತಂದರು. ಫುಗಡಿ ಅಂತೂ ಇಲ್ಲಿಯದೇ. ಕೋಲಾಟದಲ್ಲಿ ಜೊತೆ ಬದಲಾಗುತ್ತಾ ಹೋಗುತ್ತದೆ. ಫುಗಡಿಯಲ್ಲಿ ಕೈಗೆ ಕೈ ಹೆಣೆದು, ಹಿಂದಕ್ಕೆ ವಾಲಿ, ಗಿರಗಿರ ತಿರುಗುತ್ತೇವೆ. ಹಾಡೂ ನಾವೇ ಹೇಳಬೇಕು. ವೇಗ ಏರಿದ ಮೇಲೆ ಹಾಡು ನಿಂತು ‘ಫೂ, ಫೂ’ ಅನ್ನುವ ಉಸಿರಷ್ಟೇ ಉಳಿಯುತ್ತದೆ. ಒಂದು ಸಂಜೆ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಮುಖದ ಹತ್ತಿರ ಬಂದು ಹೋಗಿರುತ್ತಾರೆ.

ಈ ಗುಂಪು ಕಟ್ಟಿದವರಲ್ಲಿ ಒಬ್ಬರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಅವರು ಅಕ್ಕೋರು. ಫುಗಡಿಯ ಹಳೆಯ ಹಾಡುಗಳು ಬಾಯಿಪಾಠ ಇರುವುದು ಅವರೊಬ್ಬರಿಗೇ. ಹೊಸಬರು ಬಂದರೆ ಮೊದಲು ಕೈ ಹಿಡಿದು ವೃತ್ತಕ್ಕೆ ಎಳೆಯುವವರೂ ಅವರೇ. ಅವರಿಗೆ ಚಿಕ್ಕಂದಿನಿಂದ ದಮ್ಮು. ನಮಗೆ ಅದು ಗೊತ್ತಿರಲಿಲ್ಲ. ಹೇಳಿಕೊಳ್ಳುವ ಸ್ವಭಾವ ಅವರದಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕಾರವಾರದ ಮಳೆ ಗೊತ್ತಲ್ಲ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಹಾಲ್‌ನ ಕಿಟಕಿಗಳನ್ನು ಮುಚ್ಚಿದೆವು. ಅಲ್ಲಿಂದ ಅಕ್ಕೋರಿಗೆ ಕೆಮ್ಮು ಶುರುವಾಯಿತು. ಒಂದು ಶನಿವಾರ ಕುಣಿತ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, “ತಂಗೀ, ಯಾರೋ ಸೆಂಟು ಜಾಸ್ತಿ ಹಾಕಿಕೊಂಡು ಬರುತ್ತಿದ್ದಾರೆ, ನನಗೆ ಎದೆ ಹಿಡಿಯುತ್ತದೆ, ಹೇಳುತ್ತೀಯಾ?” ಅಂದರು. ಗುಂಪಿಗೆ ಹೇಳಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸೆಂಟು ನಿಂತಿತು.

ಕೆಮ್ಮು ನಿಲ್ಲಲಿಲ್ಲ. ಪಟ್ಟಿ ಬೆಳೆಯಿತು. ಬಾಡಿ ಸ್ಪ್ರೇ, ಪೌಡರ್, ತಲೆಗೆ ಹಚ್ಚುವ ಎಣ್ಣೆ, ಬಟ್ಟೆಗೆ ಹಾಕುವ ಕಂಫರ್ಟ್, ಹಾಲ್ ಒರೆಸುವ ಫಿನೈಲ್, ದೇವರ ಫೋಟೋದ ಮುಂದಿನ ಊದುಬತ್ತಿ, ಮಲ್ಲಿಗೆ ಹೂವು, ಟ್ಯೂಬ್‌ಲೈಟು, ಮೊಬೈಲು. ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪ್‌ನಲ್ಲಿ ಉದ್ದುದ್ದ ಫಾರ್ವರ್ಡ್‌ಗಳು ಬರತೊಡಗಿದವು. ‘ಸಾಬೂನಿನಲ್ಲಿರುವ ವಿಷ’ ಅಂತ ಒಂದು, ‘ಫೋನಿನ ಕಿರಣ’ ಅಂತ ಇನ್ನೊಂದು. ಇದೆಲ್ಲ ತಮ್ಮೊಬ್ಬರಿಗಾಗಿ ಅಂತ ಅವರು ಅಂದುಕೊಂಡಿರಲಿಲ್ಲ. ಎಲ್ಲರ ಆರೋಗ್ಯ ಕಾಪಾಡುತ್ತಿದ್ದೇನೆ ಅಂತಲೇ ನಂಬಿದ್ದರು. ತಮ್ಮ ಪೆನ್ಶನ್ ದುಡ್ಡಿನಲ್ಲಿ ವಾಸನೆ ಇಲ್ಲದ ಸಾಬೂನು ತಂದು ಒಬ್ಬೊಬ್ಬರಿಗೂ ಹಂಚಿದರು. ಬಾಗಿಲಲ್ಲಿ ನಿಂತು, ಒಳಗೆ ಬರುವವರ ಹೆಗಲಿನ ಹತ್ತಿರ ಮುಖ ತಂದು, “ಇದು ಯಾವ ಸೋಪು?” ಅಂತ ಕೇಳುತ್ತಿದ್ದರು. ಕೇಳುವ ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು. ಆದರೆ ಕೆಲಸ ಮುಗಿಸಿ ಬೆವರಿ ಓಡಿ ಬಂದ ಹುಡುಗಿಗೆ ಯಾರೋ ಮೈ ಮೂಸಿದರೆ ಹೇಗನಿಸುತ್ತದೆ? ಹೊಸದಾಗಿ ಬಂದ ಇಬ್ಬರು ಮತ್ತೆ ಬರಲಿಲ್ಲ.

ಜುಲೈನಲ್ಲಿ ಹೂವಿನ ಪ್ರಸಂಗ ನಡೆಯಿತು. ನಮ್ಮಲ್ಲಿ ಮೀನು ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಒಬ್ಬ ಹೆಂಗಸು ಇದ್ದಾರೆ, ನಾವೆಲ್ಲ ಅವರನ್ನು ಬಾಯಿ ಅನ್ನುತ್ತೇವೆ. ಸಂಜೆ ಮನೆಗೆ ಹೋಗಿ, ಮಿಂದು, ಭಟ್ಕಳ ಮಲ್ಲಿಗೆಯ ದಂಡೆ ಮುಡಿದೇ ಬರುವುದು ಅವರ ರೂಢಿ. ದಿನವಿಡೀ ಮೀನಿನ ನಡುವೆ ಇದ್ದ ಮೇಲೆ ಆ ಹೂವು ಅವರಿಗೆ ಎಷ್ಟು ಬೇಕು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅವತ್ತು ಅಕ್ಕೋರು ಎಲ್ಲರ ಎದುರು, “ಬಾಯೀ, ಹೂವು ತೆಗೆದು ಹೊರಗಿಟ್ಟು ಬನ್ನಿ” ಅಂದರು. ಗಂಡ ಇರುವ ಹೆಂಗಸಿಗೆ ಮುಡಿದ ಹೂವು ತೆಗೆ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಬಾಯಿ ಏನೂ ಅನ್ನಲಿಲ್ಲ. ಕೈ ತಲೆಯವರೆಗೆ ಹೋಯಿತು, ಹಾಗೇ ಇಳಿಯಿತು. ಕೊಡೆ ತೆಗೆದುಕೊಂಡು ಹೊರಟುಹೋದರು. ಅಕ್ಕೋರಿಗೆ ತಾವು ಏನು ಅಂದೆವು ಅಂತ ಆಗಲೇ ಗೊತ್ತಾಗಿತ್ತು. ಮಾತು ಹಿಂದಕ್ಕೆ ಬರುವುದಿಲ್ಲವಲ್ಲ.

ಅಲ್ಲಿಂದ ಗುಂಪು ಎರಡಾಯಿತು. ‘ಅವರಿಗೆ ಕಷ್ಟ ಇದೆ, ಕೇಳಿದ್ದೆಲ್ಲ ಮಾಡೋಣ’ ಅನ್ನುವವರು ಕೆಲವರು. ‘ಇದೆಲ್ಲ ಮನಸ್ಸಿನದು, ಇವತ್ತು ಹೂವು, ನಾಳೆ ಉಸಿರು ಬಿಡಬೇಡಿ ಅಂತಾರೆ’ ಅನ್ನುವವರು ಉಳಿದವರು. ಒಬ್ಬರಂತೂ ಗುಟ್ಟಾಗಿ ಸೆಂಟು ಹಚ್ಚಿಕೊಂಡು ಬರುತ್ತೇನೆ, ಅವರಿಗೆ ಗೊತ್ತಾಗುತ್ತದೋ ಇಲ್ಲವೋ ನೋಡೋಣ ಅಂದರು. ಅದಕ್ಕೆ ನಾನು ಖಡಾಖಂಡಿತ ಬೇಡ ಅಂದೆ. ದಮ್ಮಿರುವವರ ಮೇಲೆ ಅಂಥ ಪರೀಕ್ಷೆ ಮಾಡುವುದು ಅಪಾಯ. ಪಾಸಾದರೂ ಫೇಲಾದರೂ ಆಮೇಲೆ ಅವರು ನಮ್ಮನ್ನು ನಂಬುವುದಿಲ್ಲ. ನಿಮ್ಮ ಗುಂಪಿನಲ್ಲೂ ಯಾರಾದರೂ ಈ ಸಲಹೆ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ.

ಸಭೆ ಕರೆಯೋಣ ಅಂದರು ಕೆಲವರು. ಅದೂ ಬೇಡ ಅಂದೆ. ಹತ್ತು ಜನರ ಮುಂದೆ ತನ್ನ ಕಾಯಿಲೆ ಸಮರ್ಥಿಸಿಕೊಳ್ಳುವ ಸ್ಥಿತಿಗೆ ಯಾರನ್ನೂ ತರಬಾರದು. ನಾನೊಬ್ಬಳೇ ಅಕ್ಕೋರ ಮನೆಗೆ ಹೋದೆ. ಪಟ್ಟಿ ತೆಗೆಯಲೇ ಇಲ್ಲ. “ಅಕ್ಕೋರೆ, ನಿಮಗೆ ಆಗುವಾಗ ಏನೇನಾಗುತ್ತದೆ, ಮೊದಲಿನಿಂದ ಹೇಳಿ” ಅಂದೆ. ಬಹಳ ಹೊತ್ತು ಮಾತಾಡಿದರು. ಚಿಕ್ಕವರಿದ್ದಾಗ ಒಂದು ಮಳೆಗಾಲದಲ್ಲಿ ಉಸಿರು ಕಟ್ಟಿ, ಆಸ್ಪತ್ರೆ ಸಿಗದೆ, ರಾತ್ರಿಯಿಡೀ ಅವ್ವನ ತೊಡೆಯ ಮೇಲೆ ಕೂತೇ ಕಳೆದದ್ದನ್ನು ಹೇಳಿದರು. ಆ ಭಯ ಇನ್ನೂ ಹೋಗಿಲ್ಲ. ಪಂಪು ಇದೆಯಾ ಅಂದರೆ ಕಪಾಟಿನಿಂದ ಒಂದು ಇನ್ಹೇಲರ್ ತೆಗೆದರು. ಅವಧಿ ಮುಗಿದು ಎಷ್ಟೋ ಕಾಲ ಆಗಿತ್ತು. “ಪಂಪು ಹಿಡಿದರೆ ಬಿಡಲಿಕ್ಕೆ ಆಗುವುದಿಲ್ಲ ಅಂತಾರಲ್ಲ ತಂಗೀ” ಅಂದರು. ಕೆಮ್ಮು ಬಂದಾಗ ಸಿರಪ್ಪು, ನೆಗಡಿ ಆದಾಗ ಸೆಟ್ರಿಜಿನ್ ಗುಳಿಗೆ, ಅಷ್ಟರಲ್ಲೇ ದಿನ ದೂಡುತ್ತಿದ್ದರು.

ಅವತ್ತು ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವರು ಡಾಕ್ಟರಿಗೆ ತೋರಿಸಿಕೊಳ್ಳಬೇಕು. ಇದು ಕಾಯಿಲೆ ನಿಜವೋ ಸುಳ್ಳೋ ಅಂತ ನಮಗೆ ಸಾಬೀತು ಮಾಡಲಿಕ್ಕಲ್ಲ, ಯಾವುದರಿಂದ ಆಗುತ್ತದೆ ಅಂತ ತಿಳಿಯಲಿಕ್ಕೆ. ಅಲ್ಲಿಯವರೆಗೆ ಏನೇ ದೂರಿದ್ದರೂ ನನಗೊಬ್ಬಳಿಗೆ ಹೇಳಬೇಕು, ಬೇರೆಯವರಿಗೆ ನೇರ ಹೇಳಬಾರದು. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಒಂದನ್ನೂ ತಳ್ಳಿಹಾಕದೆ ನೋಡುತ್ತೇನೆ ಅಂತ ನಾನು ಅಂದೆ. ಈ ಎರಡನೆಯ ಮಾತು ಉಳಿದದ್ದಕ್ಕೆಲ್ಲ ಬುನಾದಿ ಆಯಿತು. ಗುಂಪಿನಲ್ಲಿ ಒಬ್ಬರು ಮಾತ್ರ ಇದನ್ನು ನೋಡಿಕೊಳ್ಳಲಿ.

ಡಾಕ್ಟರ ಭೇಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯವರಿಗೆ ಇದೇ ದೊಡ್ಡ ತಲೆನೋವು. ಇಲ್ಲಿ ಒಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಎಷ್ಟು ವರ್ಷಗಳಿಂದ ಕೂಗುತ್ತಿದ್ದಾರೆ, 2022ರಲ್ಲಂತೂ ಅದು ದೊಡ್ಡ ಚಳವಳಿಯೇ ಆಯಿತು. ಊರಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಅಲರ್ಜಿ ಪರೀಕ್ಷೆ ಆಗಲಿ ಅಂತ ಚೀಟಿ ಕೊಟ್ಟರು. ಅಕ್ಕೋರ ತಂಗಿ ಇರುವುದು ಉಡುಪಿಯಲ್ಲಿ. ಹಾಗಾಗಿ ಶಿರವಾಡದ ಸ್ಟೇಷನ್ನಿನಿಂದ ರೈಲು ಹತ್ತಿ ಆ ಕಡೆ ಹೋದೆವು. ಸುಮಾರು ಇನ್ನೂರು ಕಿಲೋಮೀಟರ್. ಬೆಳಿಗ್ಗೆ ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆವು.

ಮೊದಲು ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಗೆ ಬಾಯಿ ಇಟ್ಟು, ಇದ್ದ ಉಸಿರನ್ನೆಲ್ಲ ಒಂದೇ ಬಾರಿಗೆ ಜೋರಾಗಿ ಊದಬೇಕು. ಆಮೇಲೆ ಪಂಪು ಕೊಟ್ಟು, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಔಷಧಿಯ ನಂತರ ಶೇಕಡಾ 12ಕ್ಕಿಂತ ಜಾಸ್ತಿ, ಜೊತೆಗೆ 200 ಮಿಲಿಲೀಟರಿಗಿಂತ ಜಾಸ್ತಿ ಸುಧಾರಿಸಿದರೆ ಅಸ್ತಮಾ ಕಡೆಗೆ ಬೆರಳು ತೋರಿಸುತ್ತದೆ. ಅಕ್ಕೋರದು ಅದಕ್ಕಿಂತ ಸಾಕಷ್ಟು ಮೇಲಿತ್ತು. ಫುಗಡಿ ಹಾಕುವ ಅಕ್ಕೋರು ಊದುವುದರಲ್ಲಿ ಯಾರಿಗೂ ಕಡಿಮೆ ಇಲ್ಲ ಅಂತ ಟೆಕ್ನಿಶಿಯನ್ ಹುಡುಗಿ ಮೆಚ್ಚಿಕೊಂಡಳು.

ನಂತರ ಚರ್ಮದ ಮೇಲಿನ ಅಲರ್ಜಿ ಪರೀಕ್ಷೆ. ಅಲ್ಲಿ ಎಡವಿತು. “ಸೆಟ್ರಿಜಿನ್ ತೆಗೆದುಕೊಂಡಿದ್ದೀರಾ?” ಅಂತ ಕೇಳಿದರು. ಹಿಂದಿನ ರಾತ್ರಿಯೇ ನುಂಗಿದ್ದರು. ಆ ಗುಳಿಗೆ ಮೈಯಲ್ಲಿದ್ದರೆ ಚರ್ಮ ಪ್ರತಿಕ್ರಿಯೆ ತೋರಿಸುವುದಿಲ್ಲ, ಪರೀಕ್ಷೆ ದಂಡ. ವಾರದ ಮಟ್ಟಿಗೆ ನಿಲ್ಲಿಸಿ ಬನ್ನಿ ಅಂದರು. ಊರಿನಲ್ಲಿ ಚೀಟಿ ಕೊಟ್ಟಾಗ ಇದನ್ನು ಯಾರೂ ಹೇಳಿರಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ವಾಪಸ್ಸು ರೈಲು ಹತ್ತಿದೆವು. ನೀವು ಹೋಗುವುದಿದ್ದರೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ನೆಗಡಿ ಗುಳಿಗೆ, ತುರಿಕೆ ಗುಳಿಗೆ, ಕೆಲವು ಕೆಮ್ಮಿನ ಸಿರಪ್ಪು, ಎಲ್ಲದರ ಹೆಸರೂ ಹೇಳಿ. ಪಂಪು ಬಳಸುವವರು ಸ್ಪೈರೋಮೆಟ್ರಿಗೆ ಮೊದಲು ಎಷ್ಟು ಗಂಟೆ ಬಿಡಬೇಕು ಅಂತಲೂ ಕೇಳಿ. ಯಾವ ಔಷಧಿಯನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಎರಡನೇ ಸಲ ಪರೀಕ್ಷೆ ಆಯಿತು. ಮೊಣಕೈ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ, ಒಂದೊಂದು ಹನಿ ಇಟ್ಟು, ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚುತ್ತಾರೆ. ಹದಿನೈದಿಪ್ಪತ್ತು ನಿಮಿಷ ಕೈ ಅಲ್ಲಾಡಿಸದೆ ಕೂರಬೇಕು, ತುರಿಸಬಾರದು. ಅಕ್ಕೋರ ಕೈಯ ಮೇಲೆ ಎರಡು ಕಡೆ ಸೊಳ್ಳೆ ಕಚ್ಚಿದಂಥ ಗಂಧೆ ಎದ್ದವು. ಒಂದು ಡಸ್ಟ್ ಮೈಟ್, ಅಂದರೆ ಹಾಸಿಗೆ ಜಮಖಾನದ ದೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳ. ಇನ್ನೊಂದು ಬೂಷ್ಟು. ಮಲ್ಲಿಗೆಗೆ, ಸೆಂಟಿಗೆ ಏನು ಅಂತ ಅಕ್ಕೋರು ಕೇಳಿದರು. ಸುವಾಸನೆಯಿಂದ ಬರುವ ದಮ್ಮಿಗೆ ಈ ಪರೀಕ್ಷೆ ಇಲ್ಲ ಅಂದರು ಡಾಕ್ಟರು. ಅದು ಬಹಳ ಸಲ ಅಲರ್ಜಿ ಅಲ್ಲ, ಕೆರಳಿಕೆ. ಮೊದಲೇ ಊದಿಕೊಂಡ ಶ್ವಾಸನಾಳಕ್ಕೆ ಹೊಗೆ, ಘಾಟು, ಗಾಢ ಪರಿಮಳ ಏನು ತಾಗಿದರೂ ಅದು ಬಿಗಿಯುತ್ತದೆ. ಊತ ಇಳಿದರೆ ಎಷ್ಟೋ ವಾಸನೆ ತಡೆದುಕೊಳ್ಳಬಹುದು. ಅದಕ್ಕೆ ದಿನಾ ತೆಗೆದುಕೊಳ್ಳುವ ಪಂಪು ಬೇರೆ, ತಕ್ಷಣಕ್ಕೆ ಬೇಕಾಗುವ ಪಂಪು ಬೇರೆ ಅಂತ ಎರಡು ಬರೆದುಕೊಟ್ಟರು. ಪಂಪು ಚಟ ಆಗುವುದಿಲ್ಲ, ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಗುಳಿಗೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು ಅಂತ ಬಿಡಿಸಿ ಹೇಳಿದರು. ದಿನದ ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು.

ಮೊಬೈಲಿನ ಮಾತೂ ಬಂತು. ಫೋನುಗಳು ಹತ್ತಿರ ಇದ್ದರೆ ತಲೆ ಭಾರ ಆಗುತ್ತದೆ ಅಂತ ಅಕ್ಕೋರು ಹೇಳಿದರು. ಡಾಕ್ಟರು ಸಾವಧಾನವಾಗಿ ಕೇಳಿದರು. ತಲೆ ಭಾರ ಆಗುವುದು ನಿಜ, ಆದರೆ ಅದಕ್ಕೆ ಕಾರಣ ಫೋನಿನ ಅಲೆಗಳು ಅನ್ನಲು ಆಧಾರ ಇಲ್ಲ ಅಂದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನೇ ಹೇಳಿದೆ. ಜನರಿಗೆ ಆಗುವ ತೊಂದರೆ ನಿಜ, ವಿದ್ಯುತ್ಕಾಂತೀಯ ಅಲೆಗಳೊಂದಿಗೆ ಅದನ್ನು ಜೋಡಿಸಲು ವೈಜ್ಞಾನಿಕ ಆಧಾರ ಇಲ್ಲ ಅಂತ. ಈ ಮಾತು ನಾವು ಹೇಳಿದ್ದರೆ ಅವರಿಗೆ ನೋವಾಗುತ್ತಿತ್ತು. ಡಾಕ್ಟರ ಬಾಯಲ್ಲಿ ಬಂದದ್ದರಿಂದ ಮೊಬೈಲೂ ಟ್ಯೂಬ್‌ಲೈಟೂ ಪಟ್ಟಿಯಿಂದ ಸುಮ್ನೆ ಬಿದ್ದುಹೋದವು.

ಡಾಕ್ಟರು ಹೇಳಿದ ಇನ್ನೊಂದು ವಸ್ತು ನಮ್ಮ ಕೈಹಿಡಿಯಿತು. ಪೀಕ್ ಫ್ಲೋ ಮೀಟರ್. ಒಂದು ಪ್ಲಾಸ್ಟಿಕ್ ಕೊಳವೆ, ಊದಿದರೆ ಮುಳ್ಳು ಸರಿಯುತ್ತದೆ, ಅಷ್ಟೇ. ಬೆಲೆ ಸಾವಿರದ ಒಳಗೇ. ಮೂರು ಸಲ ಊದಿ, ಬಂದದ್ದರಲ್ಲಿ ದೊಡ್ಡ ಅಂಕಿ ಬರೆದಿಡಬೇಕು. ಆರಾಮಿದ್ದಾಗಿನ ಅತಿ ಹೆಚ್ಚಿನ ಅಂಕಿಯ ಶೇಕಡಾ 80ರ ಮೇಲಿದ್ದರೆ ಚಿಂತೆ ಇಲ್ಲ. 50ರಿಂದ 80ರ ನಡುವೆ ಎಚ್ಚರ. 50ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ. ಇದನ್ನೇ ಹಸಿರು, ಹಳದಿ, ಕೆಂಪು ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡು ಬಂದೆವು. ಅದರ ಝೆರಾಕ್ಸ್ ನನ್ನ ಪರ್ಸಿನಲ್ಲಿ ಈಗಲೂ ಇದೆ. ಆ ಹಾಳೆ ಬಿಟ್ಟು ಇನ್ನಾವ ವೈದ್ಯಕೀಯ ಕಾಗದವನ್ನೂ ಗುಂಪಿಗೆ ತೋರಿಸಲಿಲ್ಲ, ತೋರಿಸಬೇಕಾಗಿಯೂ ಇಲ್ಲ.

ಚವತಿ ನಡುವೆ ಬಂತು. ಗಣಪತಿ ಇಟ್ಟ ಮನೆಗಳಲ್ಲಿ ಧೂಪ, ಕರ್ಪೂರ, ಅಂಗಳದಲ್ಲಿ ಪಟಾಕಿ. ಅಕ್ಕೋರು ಈ ಸಲ ಜಗಲಿಯ ತುದಿಯಲ್ಲಿ ಗಾಳಿ ಬರುವ ಕಡೆ ಕೂತು ಹಾಡು ಹೇಳಿದರು, ಒಳಗೆ ನಾವು ತಿರುಗಿದೆವು. ಅವರಿಗೆ ಅದು ಸುಲಭ ಆಗಿರಲಿಲ್ಲ. ಆದರೂ ಬಂದರು.

ಹಬ್ಬ ಕಳೆದು ಮಳೆ ಬಿಡುವು ಕೊಟ್ಟ ಮೇಲೆ ಪಟ್ಟಿಯಲ್ಲಿದ್ದುದನ್ನು ಒಂದೊಂದಾಗಿ ನೋಡತೊಡಗಿದೆವು. ಎಲ್ಲವನ್ನೂ ಅಕ್ಕೋರಿಗೆ ಮೊದಲೇ ಹೇಳಿಯೇ ಮಾಡಿದ್ದು, ತಕ್ಷಣದ ಪಂಪು ಕೈಯಲ್ಲಿಟ್ಟುಕೊಂಡೇ ಮಾಡಿದ್ದು. ಮೊದಲು ಟ್ಯಾಗೋರ್ ಕಡಲತೀರದಲ್ಲಿ, ಮರಳಿನ ಮೇಲೆ ಗರ್ಬಾ ಹಾಕಿದೆವು. ಹೂವು ಮುಡಿದವರೂ ಇದ್ದರು. ಮುಗಿದ ಮೇಲೆ ಊದಿದರೆ ಮನೆಯಲ್ಲಿ ಬರುವ 320ರ ಹತ್ತಿರವೇ ಇತ್ತು. ಮುಂದಿನ ವಾರ, ಯಾರೂ ಬರುವ ಮೊದಲೇ ಅಕ್ಕೋರು ಖಾಲಿ ಹಾಲ್‌ನಲ್ಲಿ ಒಂದು ತಾಸು ಸುಮ್ಮನೆ ಕೂತರು. ಕುಣಿತ ಇಲ್ಲ, ಜನ ಇಲ್ಲ, ಸೆಂಟಿಲ್ಲ, ಊದುಬತ್ತಿ ಇಲ್ಲ. ಊದಿದರು. 250. ಮತ್ತೆ ಊದಿದರು. ಅಷ್ಟೇ. ಮುಳ್ಳನ್ನೇ ನೋಡುತ್ತಾ, “ಹಾಗಾದರೆ ಆ ಹೆಂಗಸಿನ ಹೂವಲ್ಲ” ಅಂದರು. ಅವರ ಕಣ್ಣು ತುಂಬಿತ್ತು.

ಹಾಲ್‌ನ ಮೂಲೆ ಮೂಲೆ ಹುಡುಕಿದೆವು. ವೇದಿಕೆಯ ಹಿಂದೆ ಕತ್ತಲೆ ಕೋಣೆ. ಅದರಲ್ಲಿ ಮದುವೆಗೆ ಹಾಸುವ ಜಮಖಾನಗಳನ್ನು ಸುತ್ತಿ ಗೋಡೆಗೆ ಒರಗಿಸಿ ಇಟ್ಟಿದ್ದರು. ಒಂದನ್ನು ಎಳೆದು ಬಿಡಿಸಿದರೆ ಒಳಸುತ್ತು ಒದ್ದೆ. ನೀಲಿ ಬಣ್ಣದ ಮೇಲೆ ಬೂದು ಚುಕ್ಕೆ, ಬೆರಳಿಟ್ಟರೆ ಮೆತ್ತಗೆ ಅಂಟುತ್ತಿತ್ತು. ಹಿಂದಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಸೋರಿಕೆ, ಸುಣ್ಣ ಹಪ್ಪಳದಂತೆ ಎದ್ದಿತ್ತು. ವೇದಿಕೆಯ ಪರದೆ ಯಾವ ಕಾಲದಲ್ಲಿ ತೊಳೆದದ್ದೋ. ಮೂಲೆಯಲ್ಲಿ ಸೊಳ್ಳೆ ಬತ್ತಿಯ ಬೂದಿ. ಈ ಸೊಳ್ಳೆ ಬತ್ತಿಯ ಬಗ್ಗೆ ಯಾರೂ ಯೋಚಿಸಿರಲೇ ಇಲ್ಲ. ಮಕ್ಕಳಿಗೆ ಡೆಂಗಿ ಬರಬಾರದು ಅಂತ ಅಕ್ಕೋರೇ ಮನೆಯಿಂದ ತಂದು ಹಚ್ಚುತ್ತಿದ್ದರು. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಅವತ್ತೇ ಅದು ನಿಂತಿತು. ಈಗ ಕಿಟಕಿಗೆ ಜಾಳಿಗೆ, ಮೂಲೆಗೊಂದು ಟೇಬಲ್ ಫ್ಯಾನು.

ಇನ್ನು ಹಾಲ್ ಸಮಿತಿ. ಇಲ್ಲಿ ತಾಳ್ಮೆ ಬೇಕು. ಸಭೆ ತಿಂಗಳಿಗೊಂದೇ. ಬಾಯಿಮಾತಿನಲ್ಲಿ ಹೇಳಿದರೆ, ‘ನೋಡೋಣ’ ಅನ್ನುತ್ತಾರೆ. ಅರ್ಜಿ ಕೊಟ್ಟೆವು. ಅದರಲ್ಲಿ ಅಕ್ಕೋರ ಹೆಸರಾಗಲಿ ಕಾಯಿಲೆಯಾಗಲಿ ಬರೆಯಲಿಲ್ಲ. ಗೋಡೆ ಸೋರುತ್ತಿದೆ, ಜಮಖಾನಕ್ಕೆ ಬೂಷ್ಟು ಹಿಡಿದಿದೆ, ಎರಡು ಕಿಟಕಿ ಉಬ್ಬಿ ತೆರೆಯುವುದಿಲ್ಲ, ಹಾಲ್ ಬಳಸುವ ಎಲ್ಲರಿಗೂ ಇದರಿಂದ ತೊಂದರೆ ಅಂತ ಬರೆದು, ಫೋಟೋ ಲಗತ್ತಿಸಿ, ಖರ್ಚಿನಲ್ಲಿ ನಮ್ಮ ಪಾಲು ಎಷ್ಟು ಅಂತಲೂ ಬರೆದೆವು. ಸ್ವೀಕೃತಿಗೆ ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಮೊದಲ ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಯಿತು. ಆಮೇಲಿನದರಲ್ಲಿ ಒಬ್ಬ ಹಿರಿಯರು, “ಇದಕ್ಕೆ ಕಾನೂನಿದೆಯಾ?” ಅಂತ ಕೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಅಸ್ತಮಾ ಅದರಲ್ಲಿಲ್ಲ. ಇಲ್ಲ ಅಂತಲೇ ಹೇಳಿದೆವು. ಕಾನೂನಿಗಾಗಿ ಕೇಳುತ್ತಿಲ್ಲ, ನಿಮ್ಮ ಮೊಮ್ಮಕ್ಕಳೂ ಇದೇ ಗೋಡೆ ಪಕ್ಕ ಕೂತು ಊಟ ಮಾಡುತ್ತಾರೆ ಅಂದೆವು. ಅದು ತಾಗಿತು.

ಊದುಬತ್ತಿ ವಿಷಯಕ್ಕೆ ಜಗಳ ಆಗುತ್ತದೆ ಅಂತ ಹೆದರಿದ್ದೆ. ದೇವರ ಮುಂದೆ ಹಚ್ಚಬೇಡಿ ಅನ್ನಲು ನಮಗೆ ಅಧಿಕಾರ ಇಲ್ಲ, ಅನ್ನಲೂ ಬಾರದು. ಬೆಳಿಗ್ಗೆ ಊದುಬತ್ತಿ, ಶನಿವಾರ ಸಂಜೆ ಎಣ್ಣೆ ದೀಪ ಮಾತ್ರ ಅಂತ ನಾವೇ ಸೂಚಿಸಿದೆವು. ದೀಪದ ಎಣ್ಣೆ ನಾವು ಕೊಡುತ್ತೇವೆ ಅಂದೆವು. ತಕ್ಷಣ ಒಪ್ಪಿದರು. ಫಿನೈಲ್ ಒರೆಸುವುದನ್ನು ಸಂಜೆಯಿಂದ ಬೆಳಿಗ್ಗೆಗೆ ಹಾಕಿದರು. ಎಕ್ಸಾಸ್ಟ್ ಫ್ಯಾನು, ವೈರಿಂಗು, ಬಡಗಿಯ ಕೂಲಿ ಸೇರಿ ಆರೇಳು ಸಾವಿರ ಆಯಿತು, ಅರ್ಧ ನಮ್ಮದು. ಕೆಟ್ಟ ಜಮಖಾನ ಎಸೆದರು, ಉಳಿದದ್ದನ್ನು ಬಿಸಿನೀರಿನಲ್ಲಿ ಒಗೆಸಿ ಬಿಸಿಲಿಗೆ ಹಾಕಿಸಿದರು. ಮೈಟ್ ಸಾಯಲು ನೀರು ಸುಮಾರು 60 ಡಿಗ್ರಿ ಬಿಸಿ ಇರಬೇಕು. ಸ್ವಚ್ಛ ಮಾಡುವ ದಿನ ದಮ್ಮಿನವರನ್ನು ಕರೆಯಲೇಬೇಡಿ. ಕೆದಕಿದಾಗಲೇ ದೂಳು ಜಾಸ್ತಿ ಏಳುತ್ತದೆ.

ಖರ್ಚು ಮಾಡುವ ಮೊದಲು ಒಂದೆರಡು ವಿಷಯ ತಿಳಿದಿರಲಿ. ನಮ್ಮವರು ಏರ್ ಪ್ಯೂರಿಫೈಯರ್ ಕೊಳ್ಳಲು ಹೊರಟಿದ್ದರು. ಅದರೊಳಗಿನ ಹೆಪಾ ಫಿಲ್ಟರ್ ದೂಳು ಹಿಡಿಯುತ್ತದೆ, ವಾಸನೆ ಹಿಡಿಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಬೇರೆ ಬೇಕು, ಅಷ್ಟು ದೊಡ್ಡ ಹಾಲ್‌ಗೆ ಒಂದು ಯಂತ್ರ ಸಾಲುವುದೂ ಇಲ್ಲ. ತೆರೆಯುವ ಕಿಟಕಿಯೇ ಮೇಲು. ಮಾಮೂಲಿ ಎನ್ 95 ಮಾಸ್ಕೂ ಹಾಗೆಯೇ, ಸೆಂಟಿನ ಆವಿಯನ್ನು ತಡೆಯುವುದಿಲ್ಲ. ಸಾಬೂನು ಕೊಳ್ಳುವಾಗ ಮುಂದಿನ ದೊಡ್ಡ ಅಕ್ಷರ ನಂಬಬೇಡಿ. ‘ಅನ್‌ಸೆಂಟೆಡ್’ ಅಂತಿದ್ದರೂ ವಾಸನೆ ಮುಚ್ಚಲು ಬೇರೆ ಪರಿಮಳ ಹಾಕಿರಬಹುದು. ಹಿಂದಿನ ಪಟ್ಟಿಯಲ್ಲಿ ‘ಫ್ರಾಗ್ರೆನ್ಸ್’ ಅಥವಾ ‘ಪರ್ಫ್ಯೂಮ್’ ಇದೆಯಾ ನೋಡಿ. ನೆಲ ಜಾರಲಿ ಅಂತ ಟಾಲ್ಕಂ ಪೌಡರ್ ಚೆಲ್ಲುವ ಅಭ್ಯಾಸ ಎಷ್ಟೋ ಕುಣಿತದ ಗುಂಪುಗಳಲ್ಲಿದೆ. ಅದನ್ನು ಯಾರಿಗೆ ದಮ್ಮಿರಲಿ ಇಲ್ಲದಿರಲಿ ಬಿಟ್ಟುಬಿಡಿ.

ಸುವಾಸನೆ ಪೂರ್ತಿ ನಿರ್ದೋಷಿ ಅಂತಲ್ಲ. ಹಾಲ್ ಸ್ವಚ್ಛ ಆದ ಮೇಲೂ, ಯಾರೋ ಒಳಗೇ ನಿಂತು ಬಾಡಿ ಸ್ಪ್ರೇ ಹೊಡೆದುಕೊಂಡಾಗ ಅಕ್ಕೋರಿಗೆ ಕೆಮ್ಮು ಬಂದು ಮುಳ್ಳು ಇಳಿಯಿತು. ಹಾಗಾಗಿ ಶನಿವಾರ ಸೆಂಟು, ಸ್ಪ್ರೇ ಬೇಡ ಅನ್ನುವ ಮಾತು ಉಳಿಯಿತು. ಸೋಪು, ಎಣ್ಣೆ, ಬಟ್ಟೆಯ ಕಂಫರ್ಟ್ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಶುಕ್ರವಾರ ಕಳಿಸುವ ಮೆಸೇಜಿನಲ್ಲಿ ಸಮಯದ ಜೊತೆ ಅದೂ ಒಂದು ಸಾಲು ಇರುತ್ತದೆ. ಯಾರಿಗಾಗಿ ಅಂತ ಇರುವುದಿಲ್ಲ. ನಿಯಮ ಜಾಗದ ಮೇಲಿದ್ದರೆ ಜನ ಪಾಲಿಸುತ್ತಾರೆ, ಒಬ್ಬರ ಹೆಸರಿನ ಮೇಲಿದ್ದರೆ ಆ ಒಬ್ಬರನ್ನು ದೂರುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಮೀನಿನ ಬಾಯಿಯ ಮನೆಗೆ ಅಕ್ಕೋರು ತಾವೇ ಹೋದರು. ನನ್ನನ್ನು ಕರೆಯಲಿಲ್ಲ. ಏನು ಮಾತಾಯಿತೋ ಇಬ್ಬರಿಗೇ ಗೊತ್ತು. ನವರಾತ್ರಿಗೆ ಬಾಯಿ ಬಂದಾಗ ತಲೆಯಲ್ಲಿ ಕೇಸರಿ ಬಣ್ಣದ ಅಬ್ಬಲಿಗೆ ದಂಡೆ ಇತ್ತು. ಅಬ್ಬಲಿಗೆಗೆ ವಾಸನೆಯೇ ಇಲ್ಲ. ನಾವ್ಯಾರೂ ಯೋಚಿಸದ ಪರಿಹಾರ ಅದು. ಈಗ ಶನಿವಾರ ಹೂವು ಮುಡಿಯುವವರೆಲ್ಲ ಅಬ್ಬಲಿಗೆಯನ್ನೇ ತರುತ್ತಾರೆ.

ಕುಣಿತದ ಕ್ರಮವನ್ನೂ ಬದಲಿಸಿದ್ದೇವೆ. ದಮ್ಮಿರುವವರಿಗೆ ಏಕಾಏಕಿ ಜೋರು ಕುಣಿತ ಆಗುವುದಿಲ್ಲ, ಬಿಗಿತ ಬಹಳ ಸಲ ನಿಂತ ಮೇಲೆ ಐದು ಹತ್ತು ನಿಮಿಷಕ್ಕೆ ಬರುತ್ತದೆ. ಆದ್ದರಿಂದ ನಿಧಾನದ ಗರ್ಬಾ ಮೊದಲು, ಫುಗಡಿ ನಡುವೆ, ಕೊನೆಗೆ ಮತ್ತೆ ನಿಧಾನ. ಕುಣಿಯುವ ಕಾಲು ಗಂಟೆ ಮೊದಲು ಡಾಕ್ಟರು ಹೇಳಿದ ಪಂಪನ್ನು ಅಕ್ಕೋರು ಎಲ್ಲರ ಎದುರೇ ತೆಗೆದುಕೊಳ್ಳುತ್ತಾರೆ. ಅದನ್ನು ನೋಡಿ ಕೈಗಾದಿಂದ ಬರುವ ಒಬ್ಬರು ತಮ್ಮ ಪಂಪನ್ನೂ ಹೊರಗೆ ತೆಗೆದರು. ಅವರಿಗೂ ಇತ್ತಂತೆ, ಇಷ್ಟು ದಿನ ಬಾತ್‌ರೂಮಿಗೆ ಹೋಗಿ ಎಳೆದುಕೊಂಡು ಬರುತ್ತಿದ್ದರಂತೆ. ಜೋರಾದರೆ ಏನು ಮಾಡಬೇಕು ಅಂತ ಎಲ್ಲರೂ ಕಲಿತಿದ್ದೇವೆ. ನೆಟ್ಟಗೆ ಕೂರಿಸಬೇಕು, ಮಲಗಿಸಬಾರದು. ಸುತ್ತ ಮುತ್ತಬಾರದು. ಪಂಪಿಗೆ ಸಿಕ್ಕಿಸುವ ಸ್ಪೇಸರ್ ಕೊಳವೆಯಲ್ಲಿ ಒಂದೊಂದೇ ಪಫ್, ಹಾಳೆಯಲ್ಲಿ ಬರೆದಷ್ಟು. ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಕಾಯುತ್ತ ಕೂರದೆ 108 ಆಂಬುಲೆನ್ಸಿಗೆ ಫೋನ್.

ಫಾರ್ವರ್ಡ್‌ಗಳು ಈಗಲೂ ಬರುತ್ತವೆ, ನನ್ನೊಬ್ಬಳ ನಂಬರಿಗೆ. ಓದಿ ಉತ್ತರ ಕೊಡುತ್ತೇನೆ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬರು ಮರಳಿದ್ದಾರೆ, ಇನ್ನೊಬ್ಬರು ಬರುವುದಿಲ್ಲ ಅಂದಿದ್ದಾರೆ. ಸೋರುವ ಗೋಡೆಯ ಕೆಲಸ ಬಾಕಿ ಇದೆ. ಗಾರೆ ಪೂರ್ತಿ ಒಣಗದೆ ಬಣ್ಣ ಹಚ್ಚಿದರೆ ಮತ್ತೆ ಏಳುತ್ತದೆ ಅಂತ ಮೇಸ್ತ್ರಿ ಹೇಳಿದ್ದರಿಂದ ದೀಪಾವಳಿ ಕಳೆದ ಮೇಲೆ ಶುರು. ಪೇಂಟಿನ ವಾಸನೆ ಹೋಗುವವರೆಗೆ ನಾವು ಕಡಲತೀರದಲ್ಲೇ ಸೇರುತ್ತೇವೆ, ಸಂಜೆ ಐದೂವರೆಗೆ, ಹೊಸಬರೂ ಬರಬಹುದು.